ಕಟ್ಟು ಹಾಕೋ ಅಂಗಡಿಗೆ ಹೊಸ ಮಾಲು ಎಲ್ಲಿಂದ?

ಮೈಸೂರಿನ ಶಿವರಾಂಪೇಟೆಯ ಅಡ್ಡರಸ್ತೆಯೊಂದರಲ್ಲಿ ಎಂಟಡಿ ಅಗಲದ ಒಂದು ಅಂಗಡಿ. ಬಾಗಿಲ ಮೇಲೆ ‘ಇಲ್ಲಿ ಎಲ್ಲಾ ತರಹದ ಫೋಟೋಗಳಿಗೆ ಕಟ್ಟು ಹಾಕಿಕೊಡಲಾಗುವುದು’ ಎಂಬ ಬೋರ್ಡು. ಬಣ್ಣ ಉದುರಿ ಈಗ ‘ಕಟ್ಟು’ ಒಂದೇ ಸರಿಯಾಗಿ ಓದಲು ಸಿಗುತ್ತದೆ. ಅಂಗಡಿ ಹೆಸರೂ ಬೇಡ, ನನ್ನ ಹೆಸರೂ ಬೇಡ, ಬೇಕಿದ್ದರೆ ಬರಕೊಳ್ಳಿ ಎಂದರು ಯಜಮಾನರು. ಅವರ ತಂದೆ ಹಾಕಿದ ಅಂಗಡಿ. ಇವರಿಗೀಗ ವಯಸ್ಸು ಅರವತ್ತೆರಡು.

ಈ ಅಂಗಡಿಯ ಕಥೆಯನ್ನು ಯಾಕೆ ಬರೆಯುತ್ತಿದ್ದೇವೆ ಎಂದರೆ, ಪೇಟೆಯಲ್ಲಿ ಇಂಥ ಅಂಗಡಿಗಳೆಲ್ಲದರ ಮುಂದೆಯೂ ಇರುವ ಪ್ರಶ್ನೆ ಒಂದೇ. ಕಟ್ಟು ಹಾಕುವುದೊಂದರಿಂದಲೇ ಹೊಟ್ಟೆ ತುಂಬುತ್ತಿಲ್ಲ. ಪಕ್ಕದಲ್ಲಿ ನಾಲ್ಕು ಉಡುಗೊರೆ ಸಾಮಾನು ಇಡಬೇಕು. ಆದರೆ ಏನಿಡೋದು? ಎಲ್ಲಿಂದ ತರೋದು?

ಮೊದಲು ಕೆಲಸಕ್ಕೇನೂ ಬರವಿರಲಿಲ್ಲ. ಮದುವೆ ಫೋಟೋ, ಶಾಲೆಯ ಗ್ರೂಪ್ ಫೋಟೋ, ಸೀಮಂತದ ಫೋಟೋ, ಶಿವಕಾಶಿಯಲ್ಲಿ ಅಚ್ಚಾದ ದೇವರ ಪಟ, ಗಾಂಧಿ, ನೆಹರು, ರಾಜ್‌ಕುಮಾರ್. ಮೂವತ್ತಾರು ಫೋಟೋದ ರೀಲು ತೊಳೆಸಿದರೆ ಅದರಲ್ಲಿ ಒಂದಾದರೂ ಗೋಡೆಗೆ ಏರುತ್ತಿತ್ತು. ಈಗ ಒಬ್ಬೊಬ್ಬರ ಫೋನಿನಲ್ಲಿ ನಾಲ್ಕೈದು ಸಾವಿರ ಫೋಟೋ ಇರುತ್ತದೆ, ಗೋಡೆಗೆ ಮಾತ್ರ ಒಂದೂ ಬರುವುದಿಲ್ಲ.

“ಈಗ ನನ್ನ ಅಂಗಡಿ ನಡೀತಿರೋದು ಹೋದವರಿಂದ ಸ್ವಾಮಿ” ಎಂದರು ಯಜಮಾನರು. ತಮಾಷೆಗೆ ಹೇಳಿದ್ದಲ್ಲ. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಹನ್ನೊಂದನೇ ದಿನದೊಳಗೆ ಪಟ ಬೇಕೇ ಬೇಕು. ಫೋನಿನಿಂದ ಒಂದು ಮುಖ ಹುಡುಕಿ, ಪಕ್ಕದವರನ್ನು ಕತ್ತರಿಸಿ ತೆಗೆದು, ದೊಡ್ಡದು ಮಾಡಿಸಿ ತರುತ್ತಾರೆ. ಹನ್ನೆರಡು ಹದಿನೆಂಟಿನ ಅಳತೆ, ಚಿನ್ನದ ಬಣ್ಣದ ಪಟ್ಟಿ. ಚೌಕಾಸಿ ಮಾಡೋದಿಲ್ಲ. ಇವರೂ ಜಾಸ್ತಿ ಕೇಳೋದಿಲ್ಲ. ಅಂಗಡಿಯ ಕರೆಂಟು ಬಿಲ್ಲು, ಹುಡುಗನ ಸಂಬಳ ನಡೆಯುವುದು ಈ ಆದಾಯದಲ್ಲೇ.

ಆದರೆ ಮಗನಿಗೆ ಇದರಲ್ಲಿ ನಂಬಿಕೆಯಿಲ್ಲ. ಕಟ್ಟಡ ಸ್ವಂತದ್ದು. ಮೊಬೈಲ್ ಕವರು, ಚಾರ್ಜರು ಮಾರುವ ವ್ಯಾಪಾರಿಯೊಬ್ಬರು ತಿಂಗಳಿಗೆ ಹದಿನೆಂಟು ಸಾವಿರ ಬಾಡಿಗೆ ಕೊಡುತ್ತೇನೆ, ಮುಂಗಡ ಬೇರೆ, ಎಂದು ಎರಡು ಸಲ ಬಂದು ಹೋಗಿದ್ದಾರೆ. “ಅಪ್ಪಾ, ದಿನವಿಡೀ ನಿಂತ್ಕೊಂಡು ಗಾಜು ಕುಯ್ದು ನೀವು ಹದಿನೆಂಟು ಸಾವಿರ ಉಳಿಸ್ತೀರಾ?” ಎಂದು ಮಗ ಕೇಳಿದ್ದಕ್ಕೆ ತಂದೆಯ ಹತ್ತಿರ ಜವಾಬಿರಲಿಲ್ಲ. ಹಲವು ತಿಂಗಳು ಅಷ್ಟು ಉಳಿಯುತ್ತಿರಲಿಲ್ಲ.

ನಗುವ ಬುದ್ಧ ನಗಿಸಲಿಲ್ಲ

2023ರ ದಸರಾಕ್ಕೆ ಮುಂಚೆ ಯಜಮಾನರು ಧೈರ್ಯ ಮಾಡಿದರು. ಬೆಂಗಳೂರಿನ ಚಿಕ್ಕಪೇಟೆ ಕಡೆಯ ಸಗಟು ಗಲ್ಲಿಗೆ ಹೋಗಿ ನಲವತ್ತು ಸಾವಿರಕ್ಕೆ ಮಾಲು ತಂದರು. ನಗುವ ಬುದ್ಧ, ರೆಸಿನ್ ಗಣಪ, ಗಾಜಿನ ಗುಮ್ಮಟದೊಳಗೆ ಪ್ಲಾಸ್ಟಿಕ್ ಗುಲಾಬಿ, ಗಾಳಿಗೆ ಕಿಣಿಕಿಣಿ ಅನ್ನುವ ಕೊಳವೆ ಗಂಟೆ, ಹೃದಯದ ಆಕಾರದ ಫೋಟೋ ಸ್ಟ್ಯಾಂಡು. ಸಗಟಿನವರು ಒಂದೊಂದು ಬಗೆಯಲ್ಲೂ ಡಜನ್‌ಗೆ ಕಡಿಮೆ ಕೊಡೋದಿಲ್ಲ ಅಂದರು. ಇವರು ಹೂಂ ಅಂದರು.

ಆಮೇಲೆ ಆದದ್ದು ಹೀಗೆ. ಎದುರು ಸಾಲಿನ ಫ್ಯಾನ್ಸಿ ಸ್ಟೋರಿನಲ್ಲಿ ಅದೇ ಬುದ್ಧ, ಅದೇ ಗಾತ್ರ, ಇಪ್ಪತ್ತು ರೂಪಾಯಿ ಕಮ್ಮಿ. ಗಿರಾಕಿ ಅಂಗಡಿಯಲ್ಲೇ ನಿಂತು ಫೋನು ತೆಗೆದು ನೋಡಿದರೆ ಅಲ್ಲಿ ಇನ್ನೂ ಕಮ್ಮಿ, ಮನೆ ಬಾಗಿಲಿಗೇ ತಂದುಕೊಡುವ ಭರವಸೆ ಬೇರೆ. ಇವೆಲ್ಲ ಹೋಗಲಿ ಎಂದರೆ ಇನ್ನೊಂದು ತಾಪತ್ರಯ ಯಾರಿಗೂ ಹೊಳೆದೇ ಇರಲಿಲ್ಲ. ಕಟ್ಟಿನ ಅಂಗಡಿಯಲ್ಲಿ ದಿನವಿಡೀ ಪಟ್ಟಿ ಕೊಯ್ಯುವ ಪುಡಿ ಹಾರುತ್ತದೆ. ಗರಗಸದ ಎರಡು ಮಾರು ದೂರದಲ್ಲಿ ಇಟ್ಟ ಬಿಳಿ ಗಣಪ ಮೂರೇ ದಿನದಲ್ಲಿ ಕಂದು ಗಣಪ. ಒರೆಸಿ ಒರೆಸಿ ಬಣ್ಣ ಹೋಯಿತು. ಗುಲಾಬಿಯ ಗುಮ್ಮಟಗಳಲ್ಲಿ ಮೂರು ಬರುವಾಗಲೇ ಬಸ್ಸಿನಲ್ಲಿ ಒಡೆದಿದ್ದವು.

ವರ್ಷ ತಿರುಗಿದಾಗ ಹತ್ತಿರಹತ್ತಿರ ಮೂರನೇ ಒಂದು ಭಾಗ ಅಟ್ಟದ ಮೇಲೆ. ಮಾರಾಟವಾದದ್ದರಲ್ಲಿ ಬಂದ ಲಾಭವನ್ನು ಅಟ್ಟದ ಮೇಲೆ ಕೂತ ಮಾಲು ತಿಂದುಹಾಕಿತು. ಉಡುಗೊರೆ ವ್ಯಾಪಾರಕ್ಕೆ ಕೈ ಹಾಕಿದ ಚಿಲ್ಲರೆ ಅಂಗಡಿಯವರಿಗೆಲ್ಲ ಇದು ಗೊತ್ತಿರುವ ಕಾಯಿಲೆ. ಒಂದು ಡಜನ್‌ನಲ್ಲಿ ಎಂಟು ಹೋದವು ಅಂತ ಖುಷಿಪಡುತ್ತೇವೆ, ಉಳಿದ ನಾಲ್ಕರ ಅಸಲು ಎಷ್ಟು ಅಂತ ಲೆಕ್ಕ ಹಾಕೋದಿಲ್ಲ.

ದಾರಿ ತೋರಿಸಿದವರು ಮನೆಯ ಯಜಮಾನಿ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಗಲ್ಲಾದ ಮುಂದೆ ಕೂರುವವರು ಅವರು. “ರೀ, ನಮ್ಮ ಹತ್ರ ಜನ ಬರೋದು ನಾವು ನಮ್ಮ ಕೈಯಿಂದ ಏನೋ ಮಾಡಿಕೊಡ್ತೀವಿ ಅಂತ. ಬೇರೆಯೋರು ಡಬ್ಬದಲ್ಲಿ ಹಾಕಿ ಕಳಿಸಿದ್ದನ್ನ ನಾವು ಡಬ್ಬದಿಂದ ತೆಗೆದು ಮಾರೋದಾದ್ರೆ ನಮ್ಮ ಹತ್ರ ಯಾಕೆ ಬರಬೇಕು?” ಎಂದರಂತೆ. ಅದಕ್ಕೆ ಯಜಮಾನರು “ಆಯ್ತು ಕಣೇ, ನೀನೇ ಹೇಳು ಏನು ಮಾಡೋಣ” ಅಂದರು. ಕೋಪದಲ್ಲೇ ಅಂದಿರಬೇಕು. ಆಕೆ ಮೂಲೆಯಲ್ಲಿದ್ದ ತುಂಡು ಪಟ್ಟಿಗಳ ರಾಶಿ ತೋರಿಸಿದರು.

ತುಂಡು ಪಟ್ಟಿಯ ಲೆಕ್ಕ

ಕಟ್ಟಿನ ಪಟ್ಟಿ ಉದ್ದ ಕೋಲಿನ ಲೆಕ್ಕದಲ್ಲಿ ಬರುತ್ತದೆ. ಈಗ ಮರಕ್ಕಿಂತ ಫೈಬರ್ ಪಟ್ಟಿಯೇ ಹೆಚ್ಚು, ಒಂದು ಕೋಲು ಸುಮಾರು ಒಂಬತ್ತೂವರೆ ಅಡಿ, ಅಂದರೆ 114 ಇಂಚು. ಹನ್ನೆರಡು ಹದಿನೆಂಟಿನ ಒಂದು ಪಟಕ್ಕೆ ಸುತ್ತಳತೆ 60 ಇಂಚು. ನಾಲ್ಕೂ ಮೂಲೆಯನ್ನು ಓರೆಯಾಗಿ ಕೊಯ್ಯುವಾಗ ಪಟ್ಟಿಯ ಅಗಲದ ಎಂಟು ಪಟ್ಟು ಹೆಚ್ಚಿಗೆ ಬೇಕು. ಇಂಚಗಲದ ಪಟ್ಟಿಗೆ 8 ಇಂಚು. ಒಟ್ಟು 68. ಉಳಿಯಿತು 46 ಇಂಚು.

ಈ 46 ಇಂಚಿನ ದುಡ್ಡನ್ನು ದೊಡ್ಡ ಪಟದ ಗಿರಾಕಿ ಆಗಲೇ ಕೊಟ್ಟಿರುತ್ತಾನೆ, ಕೋಲಿನ ಲೆಕ್ಕದಲ್ಲೇ ದರ ಹಾಕುವುದು ರೂಢಿ. ಅದರಲ್ಲಿ ನಾಲ್ಕು ಆರರ ಒಂದು ಪುಟ್ಟ ಕಟ್ಟು ಆಗುತ್ತದೆ: ಸುತ್ತಳತೆ 20, ಮೂಲೆಗೆ 8, ಒಟ್ಟು 28. ಆಮೇಲೂ 18 ಇಂಚು ಮಿಕ್ಕಿತು. ಇವರ ತಂದೆಯ ಕಾಲದಿಂದ ಈ ಮಿಕ್ಕದ್ದೆಲ್ಲ ಮೂಲೆಗೆ ಬೀಳುತ್ತಿತ್ತು. ಮರದ ಪಟ್ಟಿಯಾದರೆ ಹಂಡೆ ಒಲೆಗೆ, ಫೈಬರಾದರೆ ಕಸಕ್ಕೆ.

ಈಗ ಯಜಮಾನರು ನಾಲ್ಕು ಆರರ ಕಟ್ಟುಗಳನ್ನು ಪುರುಸೊತ್ತಿನಲ್ಲಿ ಮಾಡಿ ಇಡುತ್ತಾರೆ. ಮಿಕ್ಕ 18 ಇಂಚನ್ನು ಎರಡು ಮಾಡಿ, ಮೇಲೊಂದು ಕೆಳಗೊಂದು ಅಂಚಾಗಿ ಹಲಗೆಗೆ ಬಡಿದು ಕೀಲಿಕೈ ತಗಲಿಹಾಕುವ ಪುಟ್ಟ ಹಲಗೆ ಮಾಡುತ್ತಾರೆ. ಕೊಕ್ಕೆಗೆ ಏನು ಹಾಕೋದು ಎಂಬ ಪ್ರಶ್ನೆ ಬಂತು. ಕಬ್ಬಿಣದ ಕೊಕ್ಕೆ ಹಾಕಿದರೆ ಅದು ಎಲ್ಲಾ ಅಂಗಡಿಯಲ್ಲೂ ಸಿಗೋ ಸಾಮಾನೇ. ಆಗ ನೆನಪಾದದ್ದು ಚನ್ನಪಟ್ಟಣ.

ಚನ್ನಪಟ್ಟಣಕ್ಕೆ ಯಜಮಾನಿ

ಮಾಲು ತರುವುದು ಈಗ ಯಜಮಾನಿಯ ಇಲಾಖೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಗೆ ಬಂದು ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. “ನಾನು ಹೋದ್ರೆ ಹೋಗಿಬರೋ ಖರ್ಚೇ ಮಾಲಿನ ಮೇಲೆ ಕೂರುತ್ತೆ, ಇವಳು ಹೋದ್ರೆ ಕಾಫಿ ಖರ್ಚು ಮಾತ್ರ” ಎನ್ನುತ್ತಾರೆ ಯಜಮಾನರು. ಒಂದೇ ಎಚ್ಚರ, ಬಸ್ಸು ನೋಡಿ ಹತ್ತಬೇಕು. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹತ್ತು ಪಥದ ಹೆದ್ದಾರಿ ಉದ್ಘಾಟನೆಯಾದ ಮೇಲೆ ನೇರವಾಗಿ ಓಡುವ ಬಸ್ಸುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಚನ್ನಪಟ್ಟಣ, ಮದ್ದೂರು ಅನ್ನುವ ಊರು ಇದೆಯೋ ಇಲ್ಲವೋ ಅವಕ್ಕೆ ಗೊತ್ತಿಲ್ಲ. ಊರೂರಿಗೆ ನಿಲ್ಲಿಸುವ ಬಸ್ಸನ್ನೇ ಹಿಡಿಯಬೇಕು. ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದೂ ಇದರಿಂದಲೇ ಕಮ್ಮಿಯಾಗಿದೆ. ಆ ಅಂಗಡಿಯವರ ಕಷ್ಟ ಬೇರೆಯೇ ಒಂದು ದಿನ ಬರೆಯಬೇಕಾದ್ದು.

ಚನ್ನಪಟ್ಟಣದಲ್ಲಿ ಈಕೆ ಗೊಂಬೆ ಕೊಳ್ಳಲಿಲ್ಲ. ಗೊಂಬೆ ಅಲ್ಲೇ ಧಾರಾಳವಾಗಿ ಸಿಗುವಾಗ ಶಿವರಾಂಪೇಟೆಗೆ ಬಂದು ಯಾರು ಕೊಳ್ಳುತ್ತಾರೆ? ಕೊಂಡದ್ದು ಬಿಡಿ ಗುಬಟುಗಳು. ಹಾಲೆ ಮರವನ್ನು ಚರಕಿಗೆ ಕೊಟ್ಟು ತಿರುಗಿಸಿ, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ತಿಕ್ಕಾಟದ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಮೇಲೆ ಗರಿ ಹಿಡಿದು ಉಜ್ಜಿದರೆ ಹೊಳಪು. ಕೆಂಪು, ಹಳದಿ, ಹಸಿರು ಗುಬಟು. ಹೆಬ್ಬೆರಳಿನಷ್ಟು ದಪ್ಪ, ಎರಡಿಂಚು ಉದ್ದ. ಹೇಳಿದ ಅಳತೆಗೆ ಮಾಡಿಕೊಡುತ್ತಾರೆ. ಒಂದಕ್ಕೆ ಹತ್ತು ರೂಪಾಯಿಯಂತೆ ನೂರು ತಂದರು. ಒಡೆಯುವುದಿಲ್ಲ, ಕೈಚೀಲದಲ್ಲಿ ಹಿಡಿಸುತ್ತದೆ, ಮಾರಾಟವಾಗದಿದ್ದರೆ ಹಳಸುವುದೂ ಇಲ್ಲ.

ಒಂದು ಹಲಗೆಗೆ ನಾಲ್ಕು ಗುಬಟು 40 ರೂಪಾಯಿ, ಹಲಗೆ 25, ಸ್ಕ್ರೂ–ಪಾಲಿಷು 15, ಅರ್ಧ ಗಂಟೆಯ ಕೂಲಿ 60 ಎಂದು ಯಜಮಾನರು ಹಿಡಿಯುತ್ತಾರೆ. ಅಸಲು 140. ಮಾರುವುದು 250ಕ್ಕೆ. ಗೃಹಪ್ರವೇಶಕ್ಕೆ ಹೋಗುವವರು ಎರಡೆರಡು ತಗೊಂಡು ಹೋಗಿದ್ದಾರೆ. ಫೋನಿನಲ್ಲಿ ಹುಡುಕಿದರೆ ಇಂಥದ್ದೇ ಇನ್ನೊಂದು ಸಿಗುವುದಿಲ್ಲ, ಹಾಗಾಗಿ ರೇಟು ತಾಳೆ ನೋಡುವುದಕ್ಕೆ ಗಿರಾಕಿಗೆ ಆಧಾರವೂ ಇಲ್ಲ. ಯಜಮಾನರಿಗೆ ಎಲ್ಲಕ್ಕಿಂತ ಹೆಚ್ಚು ಸಂತೋಷ ಕೊಟ್ಟಿರುವುದು ಇದೇ ವಿಚಾರ.

ಆಟದ ಸಾಮಾನು ಇಡಬೇಕೆಂದಿರುವ ಅಂಗಡಿಯವರಿಗೆ ಒಂದು ಮಾತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಕರಕುಶಲ ಕಮಿಷನರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳಿಗೂ, ಚನ್ನಪಟ್ಟಣದಂಥ ಭೌಗೋಳಿಕ ಗುರುತಿನ ಆಟಿಕೆಗಳ ನೋಂದಾಯಿತ ತಯಾರಕರಿಗೂ ವಿನಾಯಿತಿ ಇದೆ. ಗಲ್ಲಿಯಲ್ಲಿ ಸಿಕ್ಕ ಅಗ್ಗದ ಪ್ಲಾಸ್ಟಿಕ್ ಆಟಿಕೆ ತಂದು ಸಾಲಾಗಿ ಜೋಡಿಸುವ ಮುನ್ನ ಡಬ್ಬದ ಮೇಲೆ ಗುರುತು ಇದೆಯೇ ನೋಡಿಕೊಳ್ಳಿ.

ಮಂಡಿ ಮೊಹಲ್ಲದಲ್ಲಿ

ಬೀಟೆ ಮರದ ಕುಸುರಿಗೆ ಮೈಸೂರು ಹೆಸರುವಾಸಿ. ಬೀಟೆಯ ಕಪ್ಪು ಹಲಗೆಯಲ್ಲಿ ತೋಡು ತೆಗೆದು, ಬೇರೆ ಬೇರೆ ಮರದ ತೆಳು ಚೂರುಗಳನ್ನು ಕೂರಿಸಿ ಚಿತ್ರ ಮಾಡುತ್ತಾರೆ. ಹಳದಿ ಬೇಕಾದರೆ ಹಲಸಿನ ಮರ. ಹಿಂದೆ ಬಿಳಿಗೆ ದಂತ ಇತ್ತು, ಅದು ನಿಷೇಧವಾಗಿ ಎಷ್ಟೋ ಕಾಲವಾಯಿತು, ಈಗ ಪ್ಲಾಸ್ಟಿಕ್. ಪ್ರವಾಸಿಗರು ಬರುವ ಎಂಪೋರಿಯಮ್ಮುಗಳಲ್ಲಿ ಆನೆ, ಅರಮನೆ, ದಸರಾ ಮೆರವಣಿಗೆ ಇರುವ ದೊಡ್ಡ ದೊಡ್ಡ ಹಲಗೆಗಳು ಸಾವಿರಗಟ್ಟಲೆ ಬೆಲೆಗೆ ಇರುತ್ತವೆ. ನಮ್ಮೂರಿನವರು ನಮ್ಮೂರಿನವರಿಗೆ ಕೊಡುವ ಉಡುಗೊರೆಗೆ ಅಷ್ಟು ದೊಡ್ಡದೂ ಬೇಡ, ಅಷ್ಟು ಬೆಲೆಯೂ ಆಗದು.

ಯಜಮಾನರು ಮಂಡಿ ಮೊಹಲ್ಲದ ವಯಸ್ಸಾದ ಕುಶಲಕರ್ಮಿಯೊಬ್ಬರ ಹತ್ತಿರ ಹೋಗಿ ಕೇಳಿದರು. “ಸಾಹೇಬ್ರೇ, ಅಂಗೈಯಗಲದ್ದು ಮಾಡಿಕೊಡ್ತೀರಾ? ಒಂದೇ ಒಂದು ಆನೆ, ಹಿಂದೆ ಬೆಟ್ಟ ಗಿಟ್ಟ ಏನೂ ಬೇಡ.” ಅವರು ಕನ್ನಡಕ ಏರಿಸಿ ನೋಡಿ, “ಸಣ್ಣದು ಅಂದ್ರೆ ಕೆಲಸ ಸಣ್ಣದಾಗಲ್ಲ ಯಜಮಾನ್ರೇ, ಕಣ್ಣು ಜಾಸ್ತಿ ಬೇಕು. ಆದ್ರೆ ದೊಡ್ಡ ಹಲಗೆಯಲ್ಲಿ ಮಿಕ್ಕಿದ ತುಂಡು ನನ್ನ ಹತ್ರಾನೂ ಬಿದ್ದಿದೆ” ಎಂದರು. ಅಲ್ಲೂ ತುಂಡಿನ ರಾಶಿಯೇ! ಐದು ಮಾಡಿಕೊಟ್ಟರು, ಮಾರಿದ ಮೇಲೆ ಇನ್ನೈದು ಎಂಬ ಮಾತಿನ ಮೇಲೆ. ದುಡ್ಡು ಕೈಗೆ ಕೈ. ಹಿರಿಯ ಕೆಲಸಗಾರರ ಹತ್ತಿರ ಉದ್ರಿ ಹೇಳಬಾರದು ಎಂಬುದು ಯಜಮಾನರ ಕಟ್ಟುನಿಟ್ಟು.

ಇಂಥ ಹಲಗೆಗೆ ಗಾಜು ಹಾಕಬಾರದು. ಮರವನ್ನು ಮುಟ್ಟಿ ನೋಡಬೇಕು ಅಂತ ಜನಕ್ಕೆ ಆಸೆ ಇರುತ್ತದೆ. ಪಟ್ಟಿಯೂ ಚಿನ್ನದ ಬಣ್ಣದ್ದಾಗಬಾರದು, ಸಾದಾ ತೇಗದ್ದೋ ಕಪ್ಪೋ ಆಗಬೇಕು. ಅಂಗೈಯಗಲದ ಆನೆಗೆ ಎರಡಿಂಚಿನ ಹೂಬಳ್ಳಿಯ ಪಟ್ಟಿ ಹಾಕಿದರೆ ಆನೆ ಕಾಣಿಸೋದೇ ಇಲ್ಲ.

ಮೈಸೂರು ಶೈಲಿಯ ಚಿತ್ರದ ಮಾತೇ ಬೇರೆ. ಅದರಲ್ಲಿ ಒಡವೆ, ಪ್ರಭಾವಳಿಗೆಲ್ಲ ಉಬ್ಬು ಕೆಲಸ ಮಾಡಿ ಮೇಲೆ ಚಿನ್ನದ ರೇಕು ಹಾಕಿರುತ್ತಾರೆ. ತಂಜಾವೂರಿನಷ್ಟು ದಪ್ಪವಲ್ಲ, ಆದರೂ ಉಬ್ಬೇ. ಗಾಜು ನೇರವಾಗಿ ಅದರ ಮೇಲೆ ಕೂತರೆ ಮಳೆಗಾಲದ ತೇವಕ್ಕೆ ಅಂಟುತ್ತದೆ; ಗಾಜು ತೆಗೆಯುವಾಗ ಚಿನ್ನವೂ ಬರುತ್ತದೆ. ಅದಕ್ಕೆ ಗಾಜು ಮತ್ತು ಚಿತ್ರದ ನಡುವೆ ಸುತ್ತಲೂ ತೆಳುವಾದ ಪಟ್ಟಿ ಕೊಡಬೇಕು. ತುಂಡು ಪಟ್ಟಿಗೆ ಇದೊಂದು ಉಪಯೋಗ. ಹೀಗೆ ಮಾಡಿಕೊಡುತ್ತಾರೆ ಅಂತ ಸುದ್ದಿ ಹಬ್ಬಿ ಇಬ್ಬರು ಚಿತ್ರಗಾರ್ತಿಯರು ತಮ್ಮ ಪುಟ್ಟ ಗಣಪ, ಲಕ್ಷ್ಮಿಯನ್ನು ಇಲ್ಲೇ ಮಾರಲು ಇಟ್ಟಿದ್ದಾರೆ. ಕಾವಾ ಕಲಾಶಾಲೆಯ ಹುಡುಗರೂ ಪ್ರದರ್ಶನಕ್ಕೆ ಕಟ್ಟು ಹಾಕಿಸಲು ಬಂದವರು ದೇವರಾಜ ಮಾರುಕಟ್ಟೆಯ ಹೂವಿನ ಸಾಲು, ಚಿಕ್ಕ ಗಡಿಯಾರದ ಜಲವರ್ಣಗಳನ್ನು ಬಿಟ್ಟುಹೋಗಿದ್ದಾರೆ. ಮಾರಿದರೆ ನೂರಕ್ಕೆ ಮೂವತ್ತು ಅಂಗಡಿಗೆ, ಕಟ್ಟಿನ ದುಡ್ಡು ಬೇರೆ. ಮಾರದಿದ್ದರೆ ಚಿತ್ರ ವಾಪಸ್ಸು, ಕಟ್ಟು ಇನ್ನೊಂದಕ್ಕೆ. ಎರಡು ಪ್ರತಿ ಚೀಟಿ, ಇಬ್ಬರ ರುಜು. “ಬಾಯಿಮಾತಲ್ಲಿ ಇಟ್ಕೊಂಡ್ರೆ ಆರು ತಿಂಗಳಾದ ಮೇಲೆ ಅವರಿಗೂ ನೆನಪಿರಲ್ಲ, ನನಗೂ ನೆನಪಿರಲ್ಲ. ಜಗಳಕ್ಕೆ ಮಾತ್ರ ಎಲ್ಲಾ ನೆನಪಿರುತ್ತೆ.”

ದೀಪ ಹಿಡಿದ ಹೆಂಗಸು ಯಾರದ್ದು?

ಮೈಸೂರಿನ ಕಟ್ಟಿನ ಅಂಗಡಿಗಳಲ್ಲಿ ಎಂದೂ ಮಾರಾಟ ನಿಲ್ಲದ ಒಂದು ಚಿತ್ರ ಇದೆ. ಜಗನ್ಮೋಹನ ಅರಮನೆಗೆ ಹೋದವರೆಲ್ಲ ಕತ್ತಲೆ ಕೋಣೆಯಲ್ಲಿ ನೋಡಿ ಬೆರಗಾಗುವ ದೀಪ ಹಿಡಿದ ಹೆಂಗಸು, ‘ಗ್ಲೋ ಆಫ್ ಹೋಪ್’. ರವಿವರ್ಮನ ಚಿತ್ರ ಎಂದೇ ಹತ್ತರಲ್ಲಿ ಎಂಟು ಜನ ಹೇಳುತ್ತಾರೆ, ಮಾರುವವರೂ ಹೇಳುತ್ತಾರೆ. ಅಲ್ಲ. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್. ದೀಪ ಹಿಡಿದು ನಿಂತವರು ಅವರ ಮಗಳು ಗೀತಾ. ನೂರು ವರ್ಷ ದಾಟಿ ಬಾಳಿ 2018ರಲ್ಲಿ ತೀರಿಕೊಂಡರು.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ಚಿತ್ರಗಾರ ತೀರಿಕೊಂಡ ವರ್ಷದ ನಂತರ ಅರವತ್ತು ವರ್ಷ ಅವರ ಕೃತಿಗೆ ಹಕ್ಕು ಇರುತ್ತದೆ ಎನ್ನುತ್ತದೆ ನಮ್ಮ ಕಾನೂನು. ಹಲ್ದಣಕರ್ ತೀರಿಕೊಂಡದ್ದು 1968ರಲ್ಲಿ. ಅಂದರೆ 2028ರ ಕೊನೆಯವರೆಗೆ ಆ ಚಿತ್ರವನ್ನು ಯಾರೋ ಫೋನಿನಿಂದ ಇಳಿಸಿಕೊಟ್ಟರು ಅಂತ ಪ್ರಿಂಟು ಹೊಡೆಸಿ ಮಾರುವ ಹಾಗಿಲ್ಲ. ರವಿವರ್ಮ ತೀರಿಕೊಂಡದ್ದು 1906ರಲ್ಲಿ, ಅವನ ಚಿತ್ರಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ. ಸರಸ್ವತಿ, ಲಕ್ಷ್ಮಿ, ಹಂಸದ ಜೊತೆಗಿನ ದಮಯಂತಿಯನ್ನು ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿಸಿ, ಪುಟ್ಟದಾಗಿ ಕಟ್ಟು ಹಾಕಿ ಮಾರಲು ಯಾರ ಅಪ್ಪಣೆಯೂ ಬೇಡ. ಯಜಮಾನರು ಈಗ ದೀಪದ ಹೆಂಗಸನ್ನು ಅಂಗಡಿಯಿಂದ ಇಳಿಸಿದ್ದಾರೆ. ಗಿರಾಕಿಯೇ ತಂದುಕೊಟ್ಟರೆ ಕಟ್ಟು ಹಾಕುತ್ತಾರೆ, ಅಷ್ಟೆ. ಸಿನಿಮಾ ನಟರ ಫೋಟೋ ವಿಚಾರದಲ್ಲೂ ಅದೇ ನಿಯಮ. ನಷ್ಟವಾಗಿಲ್ಲವೇ ಎಂದು ಕೇಳಿದೆವು. “ಆಗಿದೆ. ದಿನಕ್ಕೊಬ್ಬರಾದ್ರೂ ಕೇಳ್ತಾರೆ” ಎಂದರು.

ಗಂಜೀಫಾ ಬಗ್ಗೆಯೂ ಯೋಚನೆ ನಡೆದಿದೆ. ದಶಾವತಾರದ ಕಟ್ಟಿನಲ್ಲಿ ಹತ್ತು ಅವತಾರಕ್ಕೆ ಹನ್ನೆರಡರಂತೆ 120 ದುಂಡನೆ ಎಲೆಗಳು. ಹತ್ತು ರಾಜರನ್ನು ಮಾತ್ರ ಒಂದೇ ಕಟ್ಟಿನಲ್ಲಿ ಸಾಲಾಗಿ ಕೂರಿಸಿದರೆ ಎಂಥ ಚೆಂದ! ಮುಮ್ಮಡಿಯವರ ಕಾಲದಿಂದ ಮೈಸೂರಿಗೆ ಅಂಟಿಕೊಂಡು ಬಂದ ವಿದ್ಯೆ ಬೇರೆ. ಆದರೆ ಕೈಯಲ್ಲಿ ಬರೆದ ಎಲೆಯ ಬೆಲೆ ಅಂಗಡಿಯ ತಾಕತ್ತಿಗೆ ಮೀರಿದ್ದು. ಯಾರಾದರೂ ಮುಂಗಡ ಕೊಟ್ಟರೆ ಮಾತ್ರ.

ಕಂಡಕ್ಟರರ ಸೀಟಿ

ಅಂಗಡಿಗೆ ಉಸಿರು ಬಂದದ್ದು ಮಾತ್ರ ಇವ್ಯಾವುದರಿಂದಲೂ ಅಲ್ಲ. 2025ರ ಮೇ ತಿಂಗಳ ಕೊನೇ ವಾರ ಬಸ್ ಡಿಪೋದ ಮೂವರು ನೌಕರರು ಬಂದರು. ಅವರ ಪೈಕಿ ಕಂಡಕ್ಟರೊಬ್ಬರು 31ಕ್ಕೆ ನಿವೃತ್ತಿ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ ಎಲ್ಲಾ ಆಗಿದೆ. ನೆನಪಿನ ಕಾಣಿಕೆಯಾಗಿ ಏನಾದರೂ ಬೇಕು, ಆದರೆ ಆ ಪಾರದರ್ಶಕ ಪ್ಲಾಸ್ಟಿಕ್ ಫಲಕ ಬೇಡ. “ಅಂಥವು ಅವರ ಮನೇಲಿ ಆಗಲೇ ನಾಲ್ಕಿದಾವೆ ಸಾರ್, ಬಾಗಿಲಿಗೆ ಒತ್ತು ಕೊಟ್ಟಿದಾರೆ” ಎಂದ ಒಬ್ಬ.

ಯಜಮಾನರು ಯೋಚಿಸಿ, ಅವರ ಹಳೇ ಸಾಮಾನು ಏನಾದರೂ ಇದೆಯೇ ಎಂದು ಕೇಳಿದರು. ಮಾರನೇ ದಿನ ಒಂದು ಹಿತ್ತಾಳೆ ಸೀಟಿ, ಹಳೇ ಕಾಲದ ಟಿಕೆಟ್ ತೂತು ಮಾಡುವ ಪಂಚು, ಮೆಷಿನ್ನು ಬರುವ ಮುಂಚಿನ ಬಣ್ಣಬಣ್ಣದ ಕಾಗದದ ಟಿಕೆಟ್ಟುಗಳ ಒಂದು ಕಟ್ಟು ತಂದರು. ಹೆಂಡತಿ ಟ್ರಂಕಿನಿಂದ ಗುಟ್ಟಾಗಿ ತೆಗೆದುಕೊಟ್ಟದ್ದಂತೆ. ಎರಡಿಂಚು ಆಳದ ಪೆಟ್ಟಿಗೆ ಕಟ್ಟು ಮಾಡಿ, ಕಡು ನೀಲಿ ಬಟ್ಟೆಯ ಮೇಲೆ ಟಿಕೆಟ್ಟುಗಳನ್ನು ಬೀಸಣಿಗೆ ಹಾಗೆ ಹರಡಿ, ಸೀಟಿ, ಪಂಚು ಕೂರಿಸಿದರು. ಅಂಟು ಹಾಕಲಿಲ್ಲ. ಬೇಕೆಂದಾಗ ಹಾನಿಯಿಲ್ಲದೆ ಬಿಚ್ಚುವ ಹಾಗೆ ಸಣ್ಣ ತಂತಿಯಲ್ಲಿ ಕಟ್ಟಿದರು. ಸುತ್ತಲಿನ ಬಿಳಿ ರಟ್ಟಿನ ಅಂಚನ್ನು ಮೂರಿಂಚು ಅಗಲ ಬಿಟ್ಟು, ಡಿಪೋದಲ್ಲಿ ಎಲ್ಲರ ಕೈಲೂ ರುಜು ಹಾಕಿಸಿಕೊಂಡು ಬನ್ನಿ ಎಂದು ಕಳಿಸಿ, ಆಮೇಲೆ ಗಾಜು ಮುಚ್ಚಿದರು. ಸಮಾರಂಭದಲ್ಲಿ ಆ ಕಂಡಕ್ಟರು ಭಾಷಣ ಮಾಡಲಿಲ್ಲವಂತೆ. ಕಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತುಬಿಟ್ಟರಂತೆ.

ಅದಾದ ಮೇಲೆ ಬ್ಯಾಂಕಿನವರು, ಶಾಲೆಯವರು, ನೀರು ಸರಬರಾಜಿನವರು. ಮೇಷ್ಟರಿಗೆ ಸೀಮೆಸುಣ್ಣದ ತುಂಡು, ಹಾಜರಿ ಪುಸ್ತಕದ ಬರಿ ಹಾಳೆ. ದರ್ಜಿಗೆ ಅಳತೆಪಟ್ಟಿ, ಅಂಗುಸ್ತಾನ. ನರ್ಸಮ್ಮನವರಿಗೆ ಹಳೇ ಕೈಗಡಿಯಾರ. ಸಾಮಾನೆಲ್ಲ ಗಿರಾಕಿಯದ್ದೇ, ಅಂಗಡಿಯಿಂದ ಪೆಟ್ಟಿಗೆ, ಬಟ್ಟೆ, ಕೈಕೆಲಸ. ಆದ್ದರಿಂದ ಅಟ್ಟಕ್ಕೆ ಏರುವ ಪ್ರಶ್ನೆಯೇ ಇಲ್ಲ. ಅರ್ಧ ಮುಂಗಡ ತಗೊಳ್ಳುತ್ತಾರೆ. ಬರೀ ರುಜುವಿನ ಅಂಚಿರುವ ಗ್ರೂಪ್ ಫೋಟೋ ಕಟ್ಟಿಗೆ 650, ಪೆಟ್ಟಿಗೆ ಕಟ್ಟಿಗೆ ಆಳ, ಅಗಲ ನೋಡಿ ದರ.

ಇದಕ್ಕೆ ಸೀಸನ್ನು ಕೂಡಾ ಇದೆ, ಗಮನಿಸಿ. ರಾಜ್ಯ ಸರ್ಕಾರಿ ನೌಕರರು ಅರವತ್ತು ತುಂಬಿದ ತಿಂಗಳ ಕೊನೇ ದಿನ ನಿವೃತ್ತರಾಗುತ್ತಾರೆ. ಹಿಂದೆ ಮಕ್ಕಳನ್ನು ಸ್ಕೂಲಿಗೆ ಸೇರಿಸುವಾಗ ಮೇಷ್ಟರು ಜೂನ್ 1 ಎಂದು ಜನ್ಮದಿನ ಬರೆದುಬಿಡುವ ಅಭ್ಯಾಸ ಇತ್ತಲ್ಲ, ಆ ಲೆಕ್ಕದವರೆಲ್ಲ ಮೇ 31ಕ್ಕೆ ಮನೆಗೆ. ತಾರೀಖು ಒಂದಕ್ಕೆ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿ ಎಂಬುದು ನಿಯಮ. ಹೀಗಾಗಿ ಪ್ರತಿ ತಿಂಗಳ ಕೊನೇ ವಾರ, ಅದರಲ್ಲೂ ಮೇ ಕೊನೇ ವಾರ ಈ ಅಂಗಡಿಯಲ್ಲಿ ರಾತ್ರಿ ಹತ್ತರ ತನಕ ದೀಪ ಉರಿಯುತ್ತದೆ. ಯಾವನೋ ಮೇಷ್ಟರ ಅಂದಾಜಿನಿಂದ ಅರವತ್ತು ವರ್ಷ ಕಳೆದು ಕಟ್ಟಿನ ಅಂಗಡಿಗೆ ವ್ಯಾಪಾರ!

ತೆರಿಗೆ ವಿಷಯ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇವೆ. ಬರೀ ಸಾಮಾನು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ, ಸೇವೆ ಸೇರಿದರೆ 20 ಲಕ್ಷ. ಕಟ್ಟು ಹಾಕೋದು ಎರಡರ ನಡುವಿನ ಕಸುಬಾದ್ದರಿಂದ ಲೆಕ್ಕಿಗರನ್ನು ಕೇಳಿಕೊಳ್ಳುವುದೇ ಕ್ಷೇಮ. 2025ರ ಜುಲೈನಲ್ಲಿ ಯುಪಿಐ ಜಮಾ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಗಳಿಗೂ ನೋಟಿಸು ಕೊಟ್ಟು ಗಲಾಟೆಯಾದದ್ದು ನೆನಪಿರಬಹುದು. ಆಗಿನಿಂದ ಯಜಮಾನಿ ಮನೆ ಖರ್ಚಿಗೊಂದು, ಅಂಗಡಿಗೊಂದು ಖಾತೆ ಬೇರೆ ಮಾಡಿಸಿದ್ದಾರೆ. ಚಿತ್ರಗಾರರ ದುಡ್ಡು ಬಂದ ದಿನವೇ ಅವರಿಗೆ ದಾಟಿಸಿ ಪುಸ್ತಕದಲ್ಲಿ ಬರೆಯುತ್ತಾರೆ.

ಇನ್ನೊಂದು ಸೂಕ್ಷ್ಮ. ಅಂಗಡಿಗೆ ಬರುವವರಲ್ಲಿ ಅರ್ಧ ಜನ ದುಃಖದಲ್ಲಿರುವವರು ಎಂದೆವಲ್ಲ. ಅಂಥವರ ಎದುರಿಗೆ ಬಣ್ಣದ ಗುಬಟು, ಮದುವೆ ಉಡುಗೊರೆ ಜೋಡಿಸಿಡುವುದು ಚೆನ್ನಾಗಿರುವುದಿಲ್ಲ. ಯಜಮಾನರು ಎರಡು ಭಾಗ ಮಾಡಿದ್ದಾರೆ. ರಸ್ತೆ ಕಡೆಗೆ ಗಾಜಿನ ಬಾಗಿಲಿನ ಬೀರುವಿನಲ್ಲಿ ಉಡುಗೊರೆ, ಧೂಳಿಗೂ ಅದೇ ಮದ್ದು. ಪಟಕ್ಕೆ ಬಂದವರನ್ನು ಒಳಗೆ ಕರೆದು ಸ್ಟೂಲು ಹಾಕಿ ಕೂರಿಸಿ ಪಟ್ಟಿ ತೋರಿಸುತ್ತಾರೆ. ಅವರಿಗೆ ಬೇರೇನೂ ಮಾರಲು ಹೋಗುವುದಿಲ್ಲ. ಹುಡುಗ ಒಂದು ಸಲ ಅಭ್ಯಾಸಬಲದಿಂದ “ಕೀ ಬೋರ್ಡ್ ಹೊಸದಾಗಿ ಬಂದಿದೆ ಅಮ್ಮ” ಎಂದದ್ದಕ್ಕೆ ಅವನಿಗೆ ಸಿಕ್ಕ ಬೈಗುಳ ಪಕ್ಕದಂಗಡಿಯವರಿಗೂ ಕೇಳಿಸಿತಂತೆ.

ಹದಿನೆಂಟು ಸಾವಿರ ದಾಟಿತೇ? ಕೇಳದೆ ಬರಲಾಗಲಿಲ್ಲ. ಕೆಲವು ತಿಂಗಳು ದಾಟಿದೆ, ಆಷಾಢದಲ್ಲಿ ದಾಟಿಲ್ಲ ಎಂದರು. ಮೊಬೈಲ್ ಕವರಿನ ವ್ಯಾಪಾರಿ ಇನ್ನೂ ಆಸೆ ಬಿಟ್ಟಿಲ್ಲ, ಈಗ ಇಪ್ಪತ್ತು ಅನ್ನುತ್ತಿದ್ದಾರೆ. ಮುಂದಿನ ಯುಗಾದಿಗೆ ಕೂತು ಮಾತಾಡೋಣ ಎಂದು ಅಪ್ಪ ಮಗ ಒಪ್ಪಿಕೊಂಡಿದ್ದಾರೆ. ಅಟ್ಟದ ಮೇಲೆ ಇನ್ನೂ ಹನ್ನೊಂದು ನಗುವ ಬುದ್ಧ ಇದ್ದಾನೆ. ಬೇಕಾದವರಿಗೆ ಅಸಲಿಗೇ ಕೊಡುತ್ತಾರಂತೆ.

ನಾವು ಹೊರಡುವ ಹೊತ್ತಿಗೆ ಮಗನೇ ಬಂದ. ಕಂಕುಳಲ್ಲಿ ಸುರುಳಿ ಸುತ್ತಿದ ಒಂದು ಗ್ರೂಪ್ ಫೋಟೋ. ಅವನ ಆಫೀಸಿನ ಹಿರಿಯರೊಬ್ಬರು ಶುಕ್ರವಾರ ಬಿಟ್ಟು ಹೋಗುತ್ತಿದ್ದಾರಂತೆ, ಎಲ್ಲರ ರುಜು ಹಾಕಿಸಲು ಅಗಲ ಅಂಚಿನ ಕಟ್ಟು ಬೇಕಂತೆ. ಯಜಮಾನರು ಕನ್ನಡಕ ಹಾಕಿಕೊಂಡು ಅಳತೆ ಬರಕೊಂಡರು. “ಆರುನೂರೈವತ್ತು. ಅರ್ಧ ಮುಂಗಡ” ಎಂದರು. ಮಗ ತಾಯಿಯ ಮುಖ ನೋಡಿದ. ಆಕೆ ರಸೀದಿ ಪುಸ್ತಕ ಮುಂದಕ್ಕೆ ತಳ್ಳಿದರು.